ಯಂತ್ರವೂ ಬರಲಿ, ಉಪಾಧ್ಯಾಯರೂ ಇರಲಿ

ಇಂಗ್ಲಿಷು ಈ ದೇಶದಲ್ಲಿ ಸುಂಕದ ಕಟ್ಟೆಯಾಗಿ ನಿಂತಿದೆ. ಗಿರಣಿಯಲ್ಲಿ ದುಡಿಯುವವನ ಮಗ, ಸಂತೆಯಲ್ಲಿ ಅಂಗಡಿ ಹಾಕುವವಳ ಮಗಳು ಎಸ್‌ಎಸ್‌ಎಲ್‌ಸಿ ಪಾಸಾದರೂ ಕೆಲಸ ಕೇಳಲು ಹೋದಲ್ಲಿ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಲಾರದೆ ಹಿಂದಿರುಗುತ್ತಾರೆ. ಈ ಕಟ್ಟೆಯನ್ನು ಕಿತ್ತುಹಾಕಬೇಕೆಂಬ ನಮ್ಮ ನಿಲುವು ಬದಲಾಗಿಲ್ಲ. ಆದರೆ ಅದು ಇರುವವರೆಗೆ ನಮ್ಮ ಮಕ್ಕಳು ಅದನ್ನು ದಾಟುವ ಉಪಾಯವನ್ನೂ ಕಾಣಬೇಕಾಗಿದೆ.

ಒಂದು ಸಣ್ಣ ಲೆಕ್ಕ ಹಾಕೋಣ. ತರಗತಿಯಲ್ಲಿ 60 ಮಕ್ಕಳು. ಪಾಠದ ಅವಧಿ 40 ನಿಮಿಷ. ಉಪಾಧ್ಯಾಯರು ತಾವು ಒಂದು ಮಾತೂ ಆಡದೆ ಎಲ್ಲರನ್ನೂ ಸರದಿಯಂತೆ ಮಾತಾಡಿಸಿದರೂ ಒಬ್ಬೊಬ್ಬರಿಗೆ ಸಿಗುವುದು 40 ಸೆಕೆಂಡು. ನಾವೂ ಕೆಲವು ವರ್ಷ ಸೀಮೆಸುಣ್ಣ ಹಿಡಿದವರೇ. ಹಿಂದಿನ ಬೆಂಚಿನ ಹುಡುಗನನ್ನು ವರ್ಷವಿಡೀ ಒಮ್ಮೆಯೂ ಮಾತಾಡಿಸಲಾಗದ ಸಂಕಟ ನಮಗೆ ಗೊತ್ತು. ಉಳ್ಳವರು ಈ ಕೊರತೆಯನ್ನು ಟ್ಯೂಷನ್ನಿನ ಹಣದಿಂದ ತುಂಬಿಕೊಳ್ಳುತ್ತಾರೆ.

ಈಗ ಕೃತಕ ಬುದ್ಧಿಮತ್ತೆ ಎಂಬ ಯಂತ್ರವಿದ್ಯೆ ಬಂದಿದೆ. ಮಗು ಒಂದು ವಾಕ್ಯ ಬರೆದರೆ ಅದು ತಪ್ಪು ತೋರಿಸುತ್ತದೆ. ಪ್ರಶ್ನೆ ಕೇಳಿದರೆ ಉತ್ತರಿಸುತ್ತದೆ. ನೂರು ಸಲ ಕೇಳಿದರೂ ಗದರುವುದಿಲ್ಲ. ಇದರಿಂದ ಬಡ ಮಕ್ಕಳಿಗೆ ಪ್ರಯೋಜನವುಂಟೇ?

ಆಫ್ರಿಕದ ನೈಜೀರಿಯ ದೇಶದ ಅನುಭವ ನೋಡಿ. ನಮ್ಮಂತೆಯೇ ಬ್ರಿಟಿಷರ ಕೈಕೆಳಗಿದ್ದು 1960ರಲ್ಲಿ ಸ್ವತಂತ್ರವಾದ ಆ ದೇಶದಲ್ಲಿ ಇಂದಿಗೂ ಇಂಗ್ಲಿಷೇ ಆಡಳಿತ ಭಾಷೆ. ಅಲ್ಲಿನ ಎಡೊ ರಾಜ್ಯದ ಬೆನಿನ್ ನಗರದಲ್ಲಿ 2024ರಲ್ಲಿ ಆರು ವಾರ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಈ ಯಂತ್ರದಿಂದ ಇಂಗ್ಲಿಷ್ ಅಭ್ಯಾಸ ಮಾಡಿಸಲಾಯಿತು. ಇಬ್ಬಿಬ್ಬರು ಮಕ್ಕಳು ಒಂದು ಕಂಪ್ಯೂಟರಿನ ಮುಂದೆ, ಮಾರ್ಗದರ್ಶನಕ್ಕೆ ಉಪಾಧ್ಯಾಯರು. ಪರೀಕ್ಷಿಸಿದ್ದು ವಿಶ್ವಬ್ಯಾಂಕು. ಆ ಬ್ಯಾಂಕಿನ ಮಾತನ್ನು ಕಣ್ಣುಮುಚ್ಚಿ ನಂಬುವವರು ನಾವಲ್ಲ. ಆದರೂ ಅದರ ವರದಿಯನ್ನು ಪೂರ್ತಿ ಓದಬೇಕು. ಈ ತರಗತಿಗೆ ಬಂದ ಮಕ್ಕಳು ಬಾರದ ಮಕ್ಕಳಿಗಿಂತ ಇಂಗ್ಲಿಷಿನಲ್ಲಿ ಮುಂದಾದರು. ಹಿಂದುಳಿದಿದ್ದ ಹೆಣ್ಣುಮಕ್ಕಳಿಗೆ ಹೆಚ್ಚು ಲಾಭವಾಯಿತು. ಹೆಚ್ಚು ದಿನ ಬಂದವರು ಹೆಚ್ಚು ಕಲಿತರು. ಬಾರದೆ ಉಳಿದವರನ್ನು ತಡೆದ ಕಾರಣಗಳಲ್ಲಿ ಒಂದು, ಶಾಲೆ ಬಿಟ್ಟ ಕೂಡಲೇ ದುಡಿಮೆಗೆ ಹೋಗಬೇಕಾದ ಬಡತನ.

ಬಂಧುಗಳೇ, ಈ ಕೊನೆಯ ಮಾತನ್ನು ಗಮನಿಸಬೇಕು. ಯಂತ್ರ ಎಷ್ಟೇ ಜಾಣನಾದರೂ ಹೋಟೆಲಿನಲ್ಲಿ ಲೋಟ ತೊಳೆಯುತ್ತಿರುವ ಹುಡುಗನಿಗೆ ಅದು ಪಾಠ ಹೇಳಲಾರದು.

ಇನ್ನೊಂದು ಅಪಾಯವನ್ನು ಗಿರಣಿಯವರಿಗೆ ನಾವು ಹೇಳಬೇಕಾದ್ದಿಲ್ಲ. ಹೊಸ ಮಗ್ಗ ಬರುವಾಗ ಕೆಲಸ ಹಗುರವಾಗುತ್ತದೆಂದು ಹೇಳಿ, ಬಂದ ಮೇಲೆ ಆಳು ಕಡಿಮೆ ಮಾಡುವುದು ಮಾಲೀಕರ ಹಳೆಯ ಪದ್ಧತಿ. ಸರ್ಕಾರಿ ಶಾಲೆಗಳು ಈಗಲೇ ಅತಿಥಿ ಶಿಕ್ಷಕರ ಅಲ್ಪ ಸಂಭಾವನೆಯ ಮೇಲೆ ನಡೆಯುತ್ತಿವೆ. ನಾಳೆ ಯಂತ್ರವಿದೆಯೆಂದು ಖಾಯಂ ಹುದ್ದೆಗಳನ್ನೇ ಖಾಲಿ ಬಿಟ್ಟರೆ ನಷ್ಟ ನಮ್ಮ ಮಕ್ಕಳಿಗೆ. ಯಂತ್ರ ತಪ್ಪನ್ನೂ ಧೈರ್ಯವಾಗಿ ಹೇಳುತ್ತದೆ. ಕೇಳಿದರೆ ಇಡೀ ಪ್ರಬಂಧವನ್ನೇ ಬರೆದುಕೊಡುತ್ತದೆ. ನಕಲು ಮಾಡಿದ ಮಗು ಕಲಿಯುವುದು ಏನೂ ಇಲ್ಲ. ಅದನ್ನು ಹಿಡಿಯಲು ಕಣ್ಣಿರುವ ಉಪಾಧ್ಯಾಯರು ಬೇಕು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಪ್ರತಿ ಸರ್ಕಾರಿ ಪ್ರೌಢಶಾಲೆಯಲ್ಲೂ ಈ ಸೌಲಭ್ಯ ಶುಲ್ಕವಿಲ್ಲದೆ ದೊರೆಯಲಿ. ಅದು ಇಂಗ್ಲಿಷನ್ನು ಕನ್ನಡದಲ್ಲಿ ವಿವರಿಸಲಿ. ಅಭ್ಯಾಸವು ಶಾಲೆಯ ಸಮಯದಲ್ಲೇ ನಡೆಯಲಿ. ಆಗ ಸಂಜೆ ದುಡಿಯುವ ಮಗುವೂ ಹೊರಗುಳಿಯುವುದಿಲ್ಲ. ಎಲ್ಲಕ್ಕೂ ಮೊದಲು ಇಂಗ್ಲಿಷ್ ಉಪಾಧ್ಯಾಯರ ಖಾಲಿ ಹುದ್ದೆಗಳು ಭರ್ತಿಯಾಗಲಿ.

ಮುಂದಿನ ಬಾರಿ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋದಾಗ ಈ ನಾಲ್ಕು ಮಾತನ್ನು ಕೇಳಿ. ಕೇಳುವವರಿಲ್ಲದ ಕಡೆ ಯಂತ್ರ ಬಂದರೂ ಅದು ಹೆಡ್‌ಮಾಸ್ತರರ ಕೋಣೆಯ ಬೀರುವಿನಲ್ಲೇ ಉಳಿಯುತ್ತದೆ.