ಉದ್ದ ಹುಡುಗನನ್ನು ರಿಂಗ್ ಕೆಳಗೆ ಕಟ್ಟಿಹಾಕಬೇಡಿ

ಪೆನುಕೊಂಡ, ಹಿಂದೂಪುರ, ಮಡಕಶಿರಾ ಕಡೆಯ ಹೈಸ್ಕೂಲು ಮೈದಾನಗಳಲ್ಲಿ ನಾನು ಕಂಡಂತೆ ಬಾಸ್ಕೆಟ್‌ಬಾಲ್ ತಂಡದಲ್ಲಿ ಜಾಗ ಹಂಚುವ ಪದ್ಧತಿ ಒಂದೇ. ಎಲ್ಲರಿಗಿಂತ ಉದ್ದ ಇರುವವನು ಸೆಂಟರ್, ಗಿಡ್ಡಗೆ ಚುರುಕಾಗಿರುವವನು ಗಾರ್ಡ್, ಮಿಕ್ಕವರು ಫಾರ್ವರ್ಡ್. ಆರಡಿ ಮುಟ್ಟಿದ ಹದಿನೈದರ ಹುಡುಗ ಓಡಲೂ ಬಲ್ಲ, ಡ್ರಿಬಲ್ ಮಾಡಿಕೊಂಡು ಮುನ್ನುಗ್ಗಲೂ ಬಲ್ಲ, ದೂರದಿಂದ ಎಸೆದು ಬುಟ್ಟಿಗೆ ಹಾಕಲೂ ಬಲ್ಲ ಅಂದರೆ ಮಾತ್ರ ವಾದ ಏಳುತ್ತದೆ. ಪಿ.ಟಿ. ಸಾರ್‌ಗೆ ಅವನು ರಿಂಗ್ ಕೆಳಗೆ ಬೇಕು, ರಿಬೌಂಡ್ ಹಿಡಿಯುವವರು ಬೇರೆ ಯಾರಿದ್ದಾರೆ? ಬೆಂಗಳೂರಿನಲ್ಲಿ ಓದಿ ರಜೆಗೆ ಬಂದ ಹಳೇ ವಿದ್ಯಾರ್ಥಿಗಳಿಗೆ ಅವನು ಗಾರ್ಡ್ ಆಗಬೇಕು. ಮನೆಯವರಿಗೆ ಅವನು ಹೆಚ್ಚು ಪಾಯಿಂಟ್ ಮಾಡುವ ಜಾಗ ಯಾವುದೋ ಅದೇ ಸರಿ.

ಅವನು ಮೂರನೇ ಜಾಗದಲ್ಲಿ, ಸ್ಮಾಲ್ ಫಾರ್ವರ್ಡ್ ಆಗಿ ಆಡಬೇಕು ಎಂಬುದು ನನ್ನ ಪಕ್ಷ. ರಿಂಗ್‌ಗೆ ಬೆನ್ನು ಹಾಕಿ ನಿಲ್ಲುವ ಬದಲು ರಿಂಗ್‌ಗೆ ಮುಖ ಮಾಡಿ ಚೆಂಡು ಹಿಡಿಯಬೇಕು.

ಇದಕ್ಕೆ ಕಾರಣ ಎತ್ತರದ ಲೆಕ್ಕ. ಆರಡಿ ಒಂದಿಂಚಿನ ಹುಡುಗ ಮಂಡಲದ ಪಂದ್ಯದಲ್ಲಿ ಎಲ್ಲರ ತಲೆಯ ಮೇಲಿಂದ ಚೆಂಡು ಕಿತ್ತುಕೊಳ್ಳುತ್ತಾನೆ. ಜಿಲ್ಲೆಗೆ ಹೋದರೆ ಅವನಷ್ಟೇ ಉದ್ದದವರು ಎದುರಾಗುತ್ತಾರೆ. ರಾಜ್ಯದ ಆಯ್ಕೆಗೆ ನಿಂತಾಗ ಅವನದು ಸಾಧಾರಣ ಎತ್ತರ. ಅದರಾಚೆ ಪಂಜಾಬಿನಂಥ ನಾಡು ಇದೆ. 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಸತ್ನಾಮ್ ಸಿಂಗ್ ಅಲ್ಲಿಯವರು, ಏಳಡಿ ದಾಟಿದವರು. ಅಂಥವರ ಎದುರು, ರಿಂಗ್ ಕೆಳಗೇ ನಿಂತು ಬೆಳೆದ ನಮ್ಮ ಸೆಂಟರ್ ಏನು ಮಾಡಬೇಕು? ಚೆಂಡು ಹಿಡಿದು ಹೊರಗೆ ಬರೋಣವೆಂದರೆ ಎಡಗೈ ಡ್ರಿಬಲ್ ಕಲಿತಿಲ್ಲ. ದೂರದಿಂದ ಎಸೆಯೋಣವೆಂದರೆ ಮೂರು ಪಾಯಿಂಟ್ ಗೆರೆ 6.75 ಮೀಟರ್ ಆಚೆಗಿದೆ, ಅಲ್ಲಿಂದ ಎಸೆಯುವ ಅಭ್ಯಾಸವನ್ನು ಅವನಿಗೆ ಯಾರೂ ಮಾಡಿಸಿಯೇ ಇಲ್ಲ. ಅಲ್ಲಿಗೆ ಆಟ ಮುಗಿಯಿತು. ಊರಿನಲ್ಲಿ ಅವನನ್ನು ಗೆಲ್ಲಿಸಿದ ಜಾಗವೇ ಮೇಲಿನ ಹಂತದಲ್ಲಿ ಅವನನ್ನು ಬೆಂಚಿನ ಮೇಲೆ ಕೂರಿಸುತ್ತದೆ. ಈ ನಷ್ಟ ನನ್ನನ್ನು ತುಂಬ ಕಾಡುತ್ತದೆ.

ಎತ್ತರ ಕಡಿಮೆಯಿದ್ದೂ ಗೆಲ್ಲುವ ದಾರಿ ಇದೆ. ನಮ್ಮಿಂದ ಎರಡು-ಮೂರು ಗಂಟೆಯ ದಾರಿಯಲ್ಲಿರುವ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2019ರ ಸೆಪ್ಟೆಂಬರಿನಲ್ಲಿ ಮಹಿಳೆಯರ ಬಾಸ್ಕೆಟ್‌ಬಾಲ್ ಏಷ್ಯಾ ಕಪ್ ನಡೆಯಿತು. ಫೈನಲ್‌ನಲ್ಲಿ ಜಪಾನ್ 71-68ರಿಂದ ಚೀನಾವನ್ನು ಸೋಲಿಸಿ ಸತತ ನಾಲ್ಕನೇ ಸಲ ಕಪ್ ಎತ್ತಿತು. ಚೀನಾದ ಕಡೆ ಆರೂಮುಕ್ಕಾಲಡಿಯ ಹಾನ್ ಷು ಇದ್ದರು. ಎರಡು ವರ್ಷದ ನಂತರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಜಪಾನ್ ಫೈನಲ್ ತಲುಪಿ ಬೆಳ್ಳಿ ಗೆದ್ದಿತು. ಆ ತಂಡದ ಸೆಂಟರ್ ಮಾಕಿ ತಕಾಡಾ ಬರೀ 185 ಸೆಂಟಿಮೀಟರ್, ನಮ್ಮ ಲೆಕ್ಕದಲ್ಲಿ ಆರಡಿ ಒಂದಿಂಚು. ಫೈನಲ್‌ನಲ್ಲಿ ಅವರ ಎದುರಿಗಿದ್ದ ಅಮೆರಿಕದ ಬ್ರಿಟ್ನಿ ಗ್ರೈನರ್ ಎತ್ತರ 206 ಸೆಂಟಿಮೀಟರ್. ತಕಾಡಾ ಎತ್ತರದಲ್ಲಿ ಪೈಪೋಟಿಗೆ ಇಳಿಯಲಿಲ್ಲ. ಗೆರೆಯಾಚೆ ನಿಂತು ಶೂಟ್ ಮಾಡುತ್ತಿದ್ದರು, ಉದ್ದನೆಯವರನ್ನು ರಿಂಗ್‌ನಿಂದ ಹೊರಗೆ ಎಳೆಯುತ್ತಿದ್ದರು, ತೆರವಾದ ದಾರಿಯಲ್ಲಿ ಗಾರ್ಡ್‌ಗಳು ಒಳಗೆ ನುಗ್ಗುತ್ತಿದ್ದರು. ಕೋಚ್ ಟಾಮ್ ಹೋವಾಸ್ ಐದೂ ಜನರಿಗೆ ಓಡುವುದನ್ನೂ ಎಸೆಯುವುದನ್ನೂ ರೂಢಿ ಮಾಡಿಸಿದ್ದರು. ಎತ್ತರ ಕಡಿಮೆಯಿರುವ ನಮ್ಮಂಥವರು ಕಲಿಯಬೇಕಾದ್ದು ಅಲ್ಲಿದೆ.

ಯಾರಿಗೆ ಯಾವ ಜಾಗ ಎಂಬ ಗೊಂದಲ ದೊಡ್ಡ ಆಟಗಾರರ ವಿಷಯದಲ್ಲೂ ಇತ್ತು. ಕೆವಿನ್ ಡ್ಯುರಾಂಟ್ 2007ರಲ್ಲಿ ಎನ್‌ಬಿಎಯ ಸಿಯಾಟಲ್ ತಂಡಕ್ಕೆ ಬಂದಾಗ ವಯಸ್ಸು ಹತ್ತೊಂಬತ್ತು, ಮೈ ಕಡ್ಡಿ. ಅಷ್ಟುದ್ದದ ಹುಡುಗನನ್ನು ಕೋಚ್ ಶೂಟಿಂಗ್ ಗಾರ್ಡ್ ಜಾಗಕ್ಕೆ ಹಾಕಿದರು. ಮರುವರ್ಷ ಸ್ಕಾಟ್ ಬ್ರೂಕ್ಸ್ ಕೋಚ್ ಆಗಿ ಬಂದು ಅವನನ್ನು ಸ್ಮಾಲ್ ಫಾರ್ವರ್ಡ್ ಮಾಡಿದರು. 2010ರ ಹೊತ್ತಿಗೆ ಆತ ಎನ್‌ಬಿಎಯಲ್ಲಿ ಪಂದ್ಯಕ್ಕೆ ಸರಾಸರಿ ಅತಿ ಹೆಚ್ಚು ಅಂಕ ಗಳಿಸಿದವನು, ಆ ಸಾಧನೆ ಮಾಡಿದವರಲ್ಲೇ ಅತಿ ಕಿರಿಯ. ಎನ್‌ಬಿಎಯ ಇನ್ನೊಬ್ಬ ಆಟಗಾರ ಸ್ಕಾಟಿ ಪಿಪ್ಪೆನ್ ಕಥೆ ನಮ್ಮ ಹುಡುಗನಿಗೆ ಇನ್ನೂ ಹತ್ತಿರದ್ದು. ಹೈಸ್ಕೂಲಿನಲ್ಲಿ ಆರಡಿ ಒಂದಿಂಚಿನ ಗಾರ್ಡ್ ಆಗಿದ್ದವನು ಕಾಲೇಜಿನಲ್ಲಿ ಅರ್ಧ ಅಡಿಗೂ ಹೆಚ್ಚು ಬೆಳೆದ. ಮೈ ಬೆಳೆದರೂ ಗಾರ್ಡ್‌ನ ಕೈಚಳಕ ಕೈಯಲ್ಲೇ ಉಳಿದಿತ್ತು. ಹದಿನೈದರ ಹುಡುಗ ಇನ್ನೆಷ್ಟು ಬೆಳೆಯುತ್ತಾನೋ ಯಾರು ಬಲ್ಲರು?

ಎಲ್ಲ ಜಾಗದಲ್ಲೂ ಆಡುವವನು ಯಾವ ಜಾಗಕ್ಕೂ ಸಲ್ಲದವನಾಗುತ್ತಾನೆ ಎಂಬ ಭಯ ಕೆಲವರಿಗಿದೆ. ಅದು ಸುಳ್ಳು ಭಯವಲ್ಲ. ಆದರೆ ಕ್ರಿಕೆಟ್‌ನಲ್ಲಿ ನಮ್ಮ ರಾಹುಲ್ ದ್ರಾವಿಡ್ ಅವರನ್ನು ನೆನೆಯಿರಿ. 1999ರ ವಿಶ್ವಕಪ್‌ನಲ್ಲಿ ಟಾಂಟನ್‌ನಲ್ಲಿ ಶ್ರೀಲಂಕಾ ವಿರುದ್ಧ 145 ರನ್ ಹೊಡೆದು, ಅದೇ ಪಂದ್ಯದಲ್ಲಿ ವಿಕೆಟ್ ಕೀಪಿಂಗ್ ಕೂಡ ಮಾಡಿದರು. ಕೆ.ಎಲ್. ರಾಹುಲ್ ಟೆಸ್ಟ್‌ನಲ್ಲಿ ಆರಂಭಿಕ ಆಟಗಾರ. 2023ರ ವಿಶ್ವಕಪ್‌ನಲ್ಲಿ ಕೀಪಿಂಗ್ ಮಾಡುತ್ತ ಐದನೇ ಕ್ರಮಾಂಕಕ್ಕೆ ಇಳಿದರು. ಚೆನ್ನೈನಲ್ಲಿ ಆಸ್ಟ್ರೇಲಿಯಾ ಎದುರು 2 ರನ್ನಿಗೆ 3 ವಿಕೆಟ್ ಬಿದ್ದಿದ್ದಾಗ ಬಂದು ಔಟಾಗದೆ 97 ರನ್ ಗಳಿಸಿದರು. ಇಬ್ಬರ ತಂತ್ರವೂ ಎಳವೆಯಲ್ಲೇ ಗಟ್ಟಿಯಾಗಿತ್ತು, ಜಾಗ ಬದಲಾದದ್ದು ಆಮೇಲೆ. ನಾವು ಹುಡುಗರ ವಿಷಯದಲ್ಲಿ ಮಾಡುತ್ತಿರುವುದು ತಿರುಗಾಮುರುಗಾ: ತಂತ್ರ ಕಲಿಯುವ ವಯಸ್ಸಿನಲ್ಲಿ ಜಾಗ ಗಟ್ಟಿ ಮಾಡಿಬಿಡುತ್ತೇವೆ.

ಪಿ.ಟಿ. ಸಾರ್ ಕಷ್ಟ ನನಗೆ ಗೊತ್ತು. ಇಡೀ ಶಾಲೆಗೆ ಒಬ್ಬರೇ, ಕಬಡ್ಡಿ, ಖೋಖೋ, ವಾಲಿಬಾಲ್ ಎಲ್ಲವನ್ನೂ ನೋಡಬೇಕು. ಪಂದ್ಯ ಸೋತರೆ ಹೆಡ್‌ಮಾಸ್ಟರ್‌ಗೆ ಉತ್ತರ ಹೇಳಬೇಕು. ಗೆದ್ದು ಬಂದ ಸರ್ಟಿಫಿಕೇಟು ಮುಂದೆ ಬಡ ಹುಡುಗನಿಗೆ ಕಾಲೇಜು ಸೀಟಿಗೋ ರೈಲ್ವೆ ನೌಕರಿಗೋ ನೆರವಾಗುತ್ತದೆ. ಅದನ್ನು ಕಡೆಗಣಿಸಿ ಮಾತಾಡಲಾರೆ.

ಹಾಗಾಗಿ ನಾನು ಕೇಳುವುದು ಇಷ್ಟೇ. ಪಂದ್ಯ ಬಿಗಿಯಾದಾಗ ಕೊನೆಯ ಕ್ವಾರ್ಟರ್‌ನಲ್ಲಿ ಅವನನ್ನು ರಿಂಗ್ ಕೆಳಗೆ ಕಳಿಸಿ, ತಕರಾರಿಲ್ಲ. ಮೊದಲ ಮೂರು ಕ್ವಾರ್ಟರ್ ಹೊರಗೆ ಆಡಲಿ, ಚೆಂಡು ಕಳೆದುಕೊಂಡರೂ ಆಡಲಿ. ದಿನದ ಅಭ್ಯಾಸದಲ್ಲಿ ಗಾರ್ಡ್‌ಗಳ ಜತೆಗೇ ಎರಡೂ ಕೈಯಲ್ಲಿ ಡ್ರಿಬಲ್ ಮಾಡಲಿ, ದೂರದ ಶೂಟ್‌ಗೆ ದಿನಾ ಅರ್ಧ ಗಂಟೆ ಸಿಗಲಿ. ರಿಬೌಂಡ್ ಹಿಡಿಯುವ ಕೆಲಸವನ್ನು ಐದೂ ಜನರಿಗೆ ಹಂಚಿ. ಎದುರಾಳಿಗೆ ಅಡ್ಡ ನಿಂತು ಜಾಗ ಹಿಡಿಯಲು ಐದೂವರೆ ಅಡಿಯ ಹುಡುಗನಿಗೂ ಕಲಿಸಬಹುದು. ಈ ವರ್ಷದ ಹದಿನೇಳರ ಒಳಗಿನವರ ಆಯ್ಕೆಗೆ ಹೆಸರು ಕಳಿಸುವಾಗ ಫಾರಂನಲ್ಲಿ ಅವನ ಹೆಸರಿನ ಮುಂದೆ ಫಾರ್ವರ್ಡ್ ಎಂದು ಬರೆದು ಕಳಿಸಿ.