ರೇಡಿಯೋದವರ ಡಬ್ಬಿ, ಮನಿಯವರ ಕೀಲಿಕೈ

ಈ ಸಲ ಅಡಗಿ ಇಲ್ಲ. ಹೋದ ಸಲದ ಮಾದಲಿಗೆ ಬೆಲ್ಲದ ಅಳತಿ ಕೇಳಿದವರು ಒಂದ್ ವಾರ ತಡಕೋರಿ, ಹೇಳತೇನಿ. ಇವತ್ತಿಂದು ಜಗಳದ ಮಾತು. ಹೊರಗಿನವರ ಜೋಡಿ ಅಲ್ಲ. ನನ್ನ ಮೈದುನನ ಜೋಡಿ, ಅವನ ಹಂಗ ಮಾತಾಡೋ ನಮ್ಮ ಬಳಗದ ಅರ್ಧಾ ಗಂಡಸರ ಜೋಡಿ, ಮತ್ತ "ಅದೆಲ್ಲಾ ನಮಗ್ಯಾಕ ಬೇಕ್ರೀ ವೈನಿ" ಅನ್ನೋ ನಿಮ್ಮ ಜೋಡಿನೂ.

ವಿಷಯ ಇಷ್ಟ ಅದ. ಮನ್ಯಾಗ ಹ್ಯಾಮ್ ರೇಡಿಯೋ ಇದ್ದವರು ತಮ್ಮ ಲಾಗು, ಕಾರ್ಡು, ಧ್ವನಿ ರೆಕಾರ್ಡು ಎಲ್ಲಿ ಇಡಬೇಕು? ಮೈದುನ ಅಂತಾನ, ಕ್ಲೌಡಿಗೆ ಏರಿಸಿಬಿಡು, ಯಾರದೋ ದೊಡ್ಡ ಕಂಪನಿ ನೋಡಿಕೋತದ. ನಾ ಅಂತೇನಿ, ಮನ್ಯಾಗ ಒಂದು ಡಬ್ಬಿ ಇರಬೇಕು. ಅದರಾಗ ಓಡೋ ತಂತ್ರಾಂಶ ಮುಕ್ತ ಇರಬೇಕು, ಅಂದ್ರ ಅದರ ಒಳಗಿನ ಬರಹ ಯಾರ ಬೇಕಾದ್ರೂ ತಗದು ನೋಡೋ ಹಂಗ, ತಿದ್ದೋ ಹಂಗ. ಮತ್ತ ಆ ಡಬ್ಬಿಯ ಕೀಲಿಕೈ ಮನ್ಯಾಗ ಕಡಿಮಿ ಅಂದ್ರ ಇಬ್ಬರ ಕಡೆ ಇರಬೇಕು.

ಹ್ಯಾಮ್ ಅಂದ್ರ ಏನಂತ ಹೊಸದಾಗಿ ಓದೋರಿಗೆ ಹೇಳತೇನಿ. ಸರಕಾರದ ಪರೀಕ್ಷಾ ಕೊಟ್ಟು, ಲೈಸನ್ಸ್ ತಗೊಂಡು, ಹವ್ಯಾಸಕ್ಕ ರೇಡಿಯೋದಾಗ ಮಾತಾಡೋರು. ನಮ್ಮ ದೇಶದ ಹ್ಯಾಮ್‌ಗಳ ಕಾಲ್‌ಸೈನು ಹೆಚ್ಚಾಗಿ ವಿಯು2, ವಿಯು3 ಅಂತ ಶುರು ಆಗತಾವ. ನಮ್ಮ ಮಾವನವರದು ವಿಯು2, ನಂದು ವಿಯು3. ಯಾವ ದಿನ, ಎಷ್ಟೊತ್ತಿಗೆ, ಯಾವ ತರಂಗದ ಮ್ಯಾಲೆ, ಯಾರ ಜೋಡಿ ಮಾತಾಡಿದ್ವಿ ಅಂತ ಬರದಿಡೋದು ಲಾಗು. ಅದರ ಖಾತ್ರಿಗೆ ಎರಡೂ ಕಡೆಯವರು ಒಬ್ಬರಿಗೊಬ್ಬರು ಕಳಸೋದು ಕ್ಯೂಎಸ್‌ಎಲ್ ಕಾರ್ಡು. ಮಾವನವರ ಟ್ರಂಕಿನ್ಯಾಗ ಜಪಾನಿಂದು, ರಶಿಯಾದ್ದು, ಹೆಸರೂ ಕೇಳಿರದ ನಡಗಡ್ಡಿಗೋಳದ್ದು ಕಾರ್ಡ್ ಅವ. ಅತ್ತಿಯವರು ನಮ್ಮ ಮದವಿ ಪತ್ರಿಕಾನೂ ಅದರಾಗ ಇಟ್ಟಾರ, ಅದು ಬ್ಯಾರೆ ಮಾತು.

ಇದಕ್ಕ ಡಬ್ಬಿ ಯಾಕ, ಪೆನ್‌ಡ್ರೈವ್ ಸಾಲೂದಿಲ್ಲೇನು ಅಂತ ಕೇಳತೀರಿ. ಬರೇ ಲಾಗಿಗೆ ಸಾಕು. ಒಂದು ಸಂಪರ್ಕಕ್ಕ 300 ಅಕ್ಷರ ಅಂತ ಹಿಡದ್ರೂ 10,000 ಸಂಪರ್ಕಕ್ಕ 3 ಎಂಬಿ. ನಿಮ್ಮ ಫೋನಿನ ಒಂದು ಫೋಟೋದಷ್ಟು. ಆದ್ರ ಈಗಿನ ಹ್ಯಾಮ್‌ಗಳು ಬರೇ ಬರಕೊಂಡು ಕೂಡೂದಿಲ್ಲ. ಎಫ್‌ಟಿ8 ಅಂತ ಒಂದು ಪದ್ಧತಿ 2017ರಾಗ ಬಂತು, ನೊಬೆಲ್ ಬಂದ ಜೋ ಟೇಲರ್ ಮತ್ತ ಸ್ಟೀವ್ ಫ್ರ್ಯಾಂಕಿ ಸೇರಿ ಮಾಡಿದ್ದು, ಅದರ ತಂತ್ರಾಂಶಾನೂ ಮುಕ್ತ. ಅದರಾಗ 15 ಸೆಕೆಂಡಿಗೊಮ್ಮೆ ಕೇಳಿದ್ದನ್ನೆಲ್ಲಾ ಉಳಿಸು ಅಂದ್ರ ದಿನಕ್ಕ ಸುಮಾರು 2 ಜಿಬಿ ತುಂಬತದ. ಇನ್ನ ಬಟ್ಟಿನಷ್ಟು ದೊಡ್ಡ ಯುಎಸ್‌ಬಿ ರಿಸೀವರ್ ಹಚ್ಚಿ ತರಂಗದ ಒಂದು ಪಟ್ಟಿನ್ನ ಇದ್ದಕ್ಕಿದ್ಧಂಗ ಹಿಡದಿಡತೇನಿ ಅಂದ್ರ ತಾಸಿಗೆ 17 ಜಿಬಿ ದಾಟತದ. ಅದರ ಮ್ಯಾಲೆ ಕಾರ್ಡ್ ಸ್ಕ್ಯಾನು, ಆಂಟೆನಾದ ನಕ್ಷೆ, ಹಳೆ ಸೆಟ್ಟಿನ ಪುಸ್ತಕ. ಇಷ್ಟೆಲ್ಲಾ ಮನ್ಯಾಗಿನ ಎಲ್ಲಾ ಕಂಪ್ಯೂಟರಿಗೂ ಕಾಣೂ ಹಂಗ ಒಂದ ಕಡೆ ಕೂತರ ಅದಕ್ಕ ನ್ಯಾಸ್ ಅಂತಾರ. ನಮ್ಮಲ್ಲಿ ಅದು ಹಳೆ ಕಂಪ್ಯೂಟರಿಗೆ ಎರಡು ಹಾರ್ಡ್‌ಡಿಸ್ಕ್ ಹಾಕಿದ್ದು, ಅಷ್ಟ.

ನಮ್ಮ ಅಜ್ಜಿ ಮನ್ಯಾಗ ಜ್ವಾಳ ಹಗೇವಿನ್ಯಾಗ ಇರತಿತ್ತು. ನೆಲದಾಗ ತೋಡಿ, ಸುತ್ತ ಹುಲ್ಲು ಹಚ್ಚಿ, ಮ್ಯಾಲೆ ಮಣ್ಣ ಮುಚ್ಚಿದ್ದು. ಬೇಕಾದಾಗ ತಗೀಲಿಕ್ಕೆ ಯಾವ ಸಾವ್ಕಾರನ ಅಪ್ಪಣಿನೂ ಬೇಕಾಗಿದ್ದಿಲ್ಲ. ಕ್ಲೌಡ್ ಅಂದ್ರ ಸಾವ್ಕಾರನ ಮನ್ಯಾಗ ಜ್ವಾಳ ಇಟ್ಟಂಗ. ಇವತ್ತು ಜಾಗಾ ಪುಕ್ಕಟೆ, ನಾಳೆ ಬಾಡಗಿ. ಗೂಗಲ್ ಫೋಟೋಸ್‌ದಾಗ ಎಷ್ಟ ಬೇಕಾದ್ರೂ ಪುಕ್ಕಟೆ ಇಡ್ರಿ ಅಂತಿದ್ರು, 2021ರ ಜೂನ್ 1ಕ್ಕ ಅದು ಬಂದಾತು. ಆವಾಗ ನಿಮ್ಮೊಳಗ ಎಷ್ಟು ಮಂದಿ ಮೊಮ್ಮಕ್ಕಳ ಫೋಟೋ ಅಳಿಸ್ಲಿಕ್ಕೆ ಕೂತಿದ್ರಿ, ನೆನಪ ಮಾಡಕೋರಿ.

"ಹ್ಯಾಮ್‌ಗಳ ಸಂಸ್ಥಾದವರೇ ಆನ್‌ಲೈನ್ ಲಾಗು ಇಟ್ಟಾರಲ್ಲ" ಅಂತ ಮೈದುನನ ಎರಡನೇ ಮಾತು. ಇಟ್ಟಾರ, ಖರೇ. ಅಮೆರಿಕಾದ ಎಆರ್‌ಆರ್‌ಎಲ್ ಸಂಸ್ಥಾದವರು 2003ರಿಂದ ಲಾಗ್‌ಬುಕ್ ಆಫ್ ದ ವರ್ಲ್ಡ್ ಅಂತ ನಡಸತಾರ, ಜಗತ್ತಿನ ಹ್ಯಾಮ್‌ಗಳು ಅದಕ್ಕ ಲಾಗ್ ಏರಸತಾರ. ನಾನೂ ಏರಸತೇನಿ, ಅದು ಛಲೋ ಕೆಲಸ. ಆದ್ರ 2024ರ ಮೇ ತಿಂಗಳ ನಡುವ ಆ ಸಂಸ್ಥಾದ ಕಂಪ್ಯೂಟರ್‌ಗೋಳಿಗೆ ಕಳ್ಳರು ಹೊಕ್ಕು, ಎಲ್ಲಾ ಕೀಲಿ ಜಡದು ರೊಕ್ಕಾ ಕೇಳಿದ್ರು. ಸಂಸ್ಥಾದವರು 10 ಲಕ್ಷ ಡಾಲರ್ ಕೊಟ್ಟರು. ಲಾಗಿನ ಸೇವಾ ಮತ್ತ ಶುರು ಆಗಿದ್ದು ಜುಲೈ 1ಕ್ಕ. ಲಾಗಿನ ಮಾಹಿತಿಗೆ ಏನೂ ಆಗಿದ್ದಿಲ್ಲ ಅಂತ ಅವರು ಹೇಳಿದ್ರು, ಛಲೋ ಆತು. ಆದ್ರ ಆ ಒಂದೂವರಿ ತಿಂಗಳು ಮನ್ಯಾಗ ಸ್ವಂತದ ಪ್ರತಿ ಇದ್ದವರು ನಿಶ್ಚಿಂತಿ ಇದ್ದರು, ಇಲ್ಲದವರು ಬಾಗಲಾ ಕಾಯಕೋತ ಕೂತರು. ಅದೂ ಅಲ್ಲದ ಅಲ್ಲೆ ಉಳಿಯೋದು ಖಾತ್ರಿಗೆ ಬೇಕಾದಷ್ಟ. "ಇವತ್ತು ಮಳಿ ಭಾಳ, ಅವರ ಮಗಳಿಗೆ ಮದವಿ ಗೊತ್ತಾತಂತ" ಅಂತ ಮಾವನವರು ಬಾಜೂಕ ಬರದಿರತಾರಲ್ಲ, ಅದು ಅಲ್ಲೆ ಹೋಗೂದಿಲ್ಲ. ಮನಿಯವರಿಗೆ ಬೇಕಾದದ್ದು ಅದ.

ಹಂಗಾದ್ರ ಅಂಗಡ್ಯಾಗಿನ ತಯಾರ ಡಬ್ಬಿ ತರೋಣು, ವೈರ್ ಹಚ್ಚಿದ್ರ ಮುಗೀತು ಅನ್ನೋರೂ ಇದ್ದಾರ. ವೆಸ್ಟರ್ನ್ ಡಿಜಿಟಲ್ ಕಂಪನಿದು ಮೈ ಬುಕ್ ಲೈವ್ ಅಂತ ಅಂಥಾ ಡಬ್ಬಿ ಇತ್ತು. 2015ರ ನಂತರ ಅದಕ್ಕ ಹೊಸ ತಂತ್ರಾಂಶ ಕೊಡೂದು ನಿಲ್ಲಿಸಿದ್ರು. 2021ರ ಜೂನ್‌ದಾಗ ಯಾರೋ ದೂರದಿಂದ ಕೈ ಹಾಕಿ ಭಾಳ ಮಂದಿ ಡಬ್ಬಿ ಖಾಲಿ ಮಾಡಿಬಿಟ್ಟರು. ಮುಂಜಾನೆ ಎದ್ದು ನೋಡಿದ್ರ ವರ್ಷಗಟ್ಟಲೆ ಕೂಡಿಸಿಟ್ಟದ್ದು ಇಲ್ಲ. ಇಂಟರ್‌ನೆಟ್‌ನಿಂದ ಬಿಚ್ಚಿ ಇಡ್ರಿ ಅಂತ ಕಂಪನಿ ಹೇಳಿತು. ಒಳಗಿನದು ಮುಚ್ಚಿದ್ದು ಇದ್ರ ಅಷ್ಟ, ಮಾಡಿದವರು ಕೈಬಿಟ್ಟರ ನಮ್ಮ ಕೈಯಾಗ ಏನೂ ಉಳಿಯೂದಿಲ್ಲ.

ಮುಕ್ತ ತಂತ್ರಾಂಶದಾಗ ಏನ ಬ್ಯಾರೆ ಅಂತೀರಿ? ಫ್ರೀನ್ಯಾಸ್ ಕಥಿ ಕೇಳ್ರಿ. 2005ರಾಗ ಫ್ರಾನ್ಸಿನ ಒಲಿವಿಯೇ ಕೊಶಾರ್ ಲಬೆ ಅನ್ನೋರು ಮನ್ಯಾಗ ಬೇಕು ಅಂತ ಶುರು ಮಾಡಿದ್ದು ಅದು. ಮುಂದ ಅದನ್ನ ನೋಡಕೊಳ್ಳಲಿಕ್ಕತ್ತಿದ್ದ ಫೋಲ್ಕರ್ ಥೈಲೆ ಅವರಿಗೆ ಡೆಬಿಯನ್ ಮ್ಯಾಲೆ ಹೊಸದಾಗಿ ಕಟ್ಟೋ ಮನಸಾತು, ಹಳೇದನ್ನ ಇನ್ನೊಂದು ಕಂಪನಿ ಹಿಡೀತು. ಹಿಸ್ಸೆ ಆತು. ಹಳೇದು ಈಗ ಟ್ರೂನ್ಯಾಸ್ ಅಂತ ಅದ, ಥೈಲೆ ಅವರದು ಓಪನ್‌ಮೀಡಿಯಾವಾಲ್ಟ್ ಅಂತ ಅದ. ಎರಡೂ ಮನ್ಯಾಗ ಒಲಿ ಉರೀಲಿಕ್ಕತ್ತದ, ಒಬ್ಬರೂ ಉಪವಾಸ ಬಿದ್ದಿಲ್ಲ. ನಮ್ಮಲ್ಲೆ ಓಡೋದು ಈ ಎರಡನೇದು. ಮನಿಯ ಎಲ್ಲಾ ಕಂಪ್ಯೂಟರಿಗೆ ಫೈಲ್ ಹಂಚೋ ಕೆಲಸ ಸಾಂಬಾ ಅನ್ನೋದು ಮಾಡತದ, ಆಸ್ಟ್ರೇಲಿಯಾದ ಆಂಡ್ರೂ ಟ್ರಿಜೆಲ್ ಶುರು ಮಾಡಿದ್ದು. ಅತ್ತಿಯವರಿಗೆ ಆ ಹೆಸರು ಕೇಳಿದ ಮ್ಯಾಲೆ ಡಬ್ಬಿ ಮ್ಯಾಲೆ ಭಕ್ತಿ ಬಂದದ, ದೇವರ ಹೆಸರ ಇಟ್ಟಾರ ಅಂತ.

ಲಾಗಿಗೂ ಹಂಗ. ಕ್ಲೌಡ್‌ಲಾಗ್, ಅದರಿಂದ ಕವಲು ಒಡದ ವೇವ್‌ಲಾಗ್, ಇವನ್ನ ಮನಿ ಡಬ್ಬಿ ಮ್ಯಾಲೇ ಕೂಡಸಬಹುದು. ಹೆಸರಿನ್ಯಾಗ ಕ್ಲೌಡ್ ಅದ ಅಂತ ಮೈದುನ ಕುಣದ, ಆದ್ರ ಓಡೋದು ನಮ್ಮ ಕಪಾಟಿನ್ಯಾಗ. ಯಾವುದ ಬಳಸಿದ್ರೂ ಲಾಗನ್ನ ಎಡಿಐಎಫ್ ರೂಪದಾಗ ಒಂದು ಪ್ರತಿ ತಗದಿಡ್ರಿ. 1996ರಿಂದ ಹ್ಯಾಮ್‌ಗಳೆಲ್ಲಾ ಒಪ್ಪಿಕೊಂಡ ರೂಪ ಅದು, ಬರೇ ಅಕ್ಷರದ ಫೈಲು. ಯಾವ ತಂತ್ರಾಂಶ ಸತ್ತರೂ ಸಾದಾ ನೋಟ್‌ಪ್ಯಾಡಿನ್ಯಾಗ ತಗದು ಓದಬಹುದು.

ಈಗ ನಾ ಯಾಕ ಇಷ್ಟು ಕಾವ ಆಗಲಿಕ್ಕತ್ತೇನಿ ಅಂತ ಹೇಳತೇನಿ. ನಮ್ಮ ಬಳಗದಾಗ ಒಬ್ಬರು ಕಾಕಾ ಇದ್ದರು, ದೊಡ್ಡ ಹ್ಯಾಮ್. ಹ್ಯಾಮ್ ಒಬ್ಬರು ತೀರಿಕೊಂಡ್ರ "ಸೈಲೆಂಟ್ ಕೀ" ಅಂತಾರ, ಕೀಲಿ ಮೌನ ಆತು ಅಂತ. ಅವರು ಹೋಗಿ ಮೂರು ತಿಂಗಳಿಗೆ ಕಾಕೂ ನನಗ ಫೋನ್ ಮಾಡಿದ್ರು. ಅವರಿಗೆ ಬೇಕಾದದ್ದು ಒಂದ: ನಸಿಕಿಲೆ 40 ಮೀಟರ್ ಬ್ಯಾಂಡಿನ್ಯಾಗ ದಿನಾ ಹಾಜರಿ ಹಾಕೋ ಅವರ ಧ್ವನಿ. ಕಾಕಾ ಅದನ್ನೆಲ್ಲಾ ರೆಕಾರ್ಡ್ ಮಾಡಿದ್ರು, ಒಂದು ಕಂಪನಿಯ ಕ್ಲೌಡಿನ್ಯಾಗ ಇಟ್ಟಿದ್ರು. ಪಾಸ್‌ವರ್ಡ್ ಅವರ ತಲ್ಯಾಗ. ಮರತದ್ದಕ್ಕ ಓಟಿಪಿ ಬರೋದು ಅವರ ಫೋನಿಗೆ, ಆ ಸಿಮ್ ಬಂದ್ ಮಾಡಿಸಿ ಆಗಿತ್ತು. ಕಂಪನಿಗೆ ಮರಣ ಪ್ರಮಾಣಪತ್ರ ಕಳಸಿದ್ವಿ, ಮತ್ತೊಂದು ಕಾಗದ ಕೇಳಿದ್ರು, ಅದನ್ನೂ ಕಳಸಿದ್ವಿ, ಆಮ್ಯಾಲೆ ಉತ್ತರಾನ ಇಲ್ಲ. ನಲವತ್ತು ವರ್ಷ ಬಾಜೂಕ ಕೂತು ಚಹಾ ಕೊಟ್ಟ ಹೆಣಮಗಳಿಗೆ ಗಂಡನ ಒಂದು "ನಮಸ್ಕಾರ" ಕೇಳಲಿಕ್ಕೆ ಯಾವನೋ ಕಂಪನಿಯವನ ಅಪ್ಪಣಿ ಬೇಕಂದ್ರ ಹೆಂಗ ಸಹಿಸೋದು? ಕಾರ್ಡುಗಳ ಕಥಿ ಇನ್ನೂ ಬ್ಯಾಡ. ಮಗಾ ಬೆಂಗಳೂರಿಂದ ಬಂದು ಮನಿ ಖಾಲಿ ಮಾಡೋ ಗದ್ಲದಾಗ ರದ್ದಿಯವನಿಗೆ ತೂಗಿ ಕೊಟ್ಟಿದ್ದ.

ಇದಕ್ಕ ನಾ ಗಂಡಸರ ಮ್ಯಾಲೂ ಹರಿಹಾಯತೇನಿ. ಮುಕ್ತ ತಂತ್ರಾಂಶ, ಸ್ವಾತಂತ್ರ್ಯ ಅಂತ ದೊಡ್ಡ ಮಾತಾಡಿ, ಮನ್ಯಾಗ ಡಬ್ಬಿ ಕಟ್ಟಿ, ಅದರ ಪಾಸ್‌ವರ್ಡ್ ಹೆಂಡತಿಗೆ ಹೇಳದವರು ನನಗ ನಾಕು ಮಂದಿ ಗೊತ್ತು. "ಆಕಿಗೆ ತಿಳಿಯೂದಿಲ್ಲ" ಅಂತಾರ. ಪರಮುಟ್ಟಿ ಅಷ್ಟೂ ಮನಿ ಸಾಮಾನು, ಎಲ್‌ಐಸಿ ಕಂತು, ಮಕ್ಕಳ ಸಾಲಿ, ಬಂಗಾರದ ಲಾಕರ್ ಎಲ್ಲಾ ತಿಳೀತದ, ಒಂದು ಡಬ್ಬಿ ತಿಳಿಯೂದಿಲ್ಲಂತ! ತಿಳಿಯೂದಿಲ್ಲ ಅನ್ನೋರಿಗೆ ಒಬ್ಬಾಕಿ ಹೆಸರು ಹೇಳತೇನಿ. ಭಾರತಿ ಪ್ರಸಾದ್, ವಿಯು2ಆರ್‌ಬಿಐ. 2004ರ ಡಿಸೆಂಬರಿನ್ಯಾಗ ಅಂಡಮಾನಿಗೆ ತಂಡ ಕರಕೊಂಡು ಹೋಗಿ ಹ್ಯಾಮ್ ರೇಡಿಯೋ ನಡಸಲಿಕ್ಕತ್ತಿದ್ರು. 26ಕ್ಕ ಸುನಾಮಿ ಬಂತು. ಫೋನ್ ಹೋದ್ವು. ಆಕಿ ಪೋರ್ಟ್ ಬ್ಲೇರಿನಿಂದ ರೇಡಿಯೋದ ಮ್ಯಾಲೆ ಅಲ್ಲಿಯವರ ಸುದ್ದಿ ಇತ್ತ ಮುಟ್ಟಿಸಿದ್ರು. ಅಂಥಾ ದಿನ ಕ್ಲೌಡ್ ಯಾರ ಉಪಯೋಗಕ್ಕ ಬರತದ? ಈಗ ಅಮೆರಿಕಾದ ಹ್ಯಾಮ್‌ಗಳು ಸಾದಾ ವೈರ್‌ಲೆಸ್ ರೂಟರಿಗೆ ಎಆರ್‌ಇಡಿಎನ್ ಅನ್ನೋ ಮುಕ್ತ ತಂತ್ರಾಂಶ ತುಂಬಿ, ಇಂಟರ್‌ನೆಟ್ ಇಲ್ಲದ ಜಾಲ ಹೆಣೀತಾರ. ಅದಕ್ಕ ನಮ್ಮಂಥಾ ಡಬ್ಬಿ ಹಚ್ಚಿದ್ರ ನಕ್ಷೆ, ಮಂದಿ ಯಾದಿ ಎಲ್ಲಾ ಅದರಿಂದ ಹಂಚಬಹುದು. ಒಂದು ಎಚ್ಚರ: ಹ್ಯಾಮ್ ತರಂಗದ ಮ್ಯಾಲೆ ಗುಪ್ತ ಭಾಷಾ ಬಳಸಬಾರದು, ಎಲ್ಲಾ ಬಯಲಿಗೆ. ಮನಿ ಲೆಕ್ಕಾ, ಮಕ್ಕಳ ಫೋಟೋ ಆ ದಾರಿಗೆ ತರಬ್ಯಾಡ್ರಿ.

ಮನಿ ಡಬ್ಬಿಗೆ ತ್ರಾಸ ಇಲ್ಲಂತ ನಾ ಅನ್ನೂದಿಲ್ಲ. ಹ್ಯಾಮ್ ಮನಿ ಅಂದ್ರ ಮಾಳಗಿ ಮ್ಯಾಲೆ ಆಂಟೆನಾ, ಸಿಡಿಲಿಗೆ ಆಮಂತ್ರಣ. ಎರಡೂ ಡಿಸ್ಕ್ ಒಂದ ಡಬ್ಬಿಯಾಗ ಇದ್ರ ಎರಡೂ ಒಮ್ಮೆಗೇ ಸುಡತಾವ, ಜೋಡಿ ಡಿಸ್ಕ್ ಅದ ಅಂತ ಮೈಮರೀಬಾರದು. ಅಗ್ಗದ ಅಡಾಪ್ಟರ್ ತಂದ್ರ ರೇಡಿಯೋದಾಗ ಗುಂಯ್ ಅಂತ ಗದ್ಲ ಬರತದ, ಫೆರೈಟ್ ಉಂಗುರ ಹಾಕಿ, ಡಬ್ಬಿ ಸೆಟ್ಟಿನಿಂದ ದೂರ ಇಡಬೇಕು. ನಮ್ಮದು ಅಡಗಿ ಮನಿ ಹಿಂದಿನ ಕಪಾಟಿನ್ಯಾಗ ಅದ. ಕರೆಂಟಿನ ಮಾತಿಗೆ ಬಂದ್ರ, ರಾಸ್‌ಬೆರಿ ಪೈದಂಥಾ ಸಣ್ಣ ಬೋರ್ಡಿನ್ಯಾಗ ಡಿಸ್ಕ್ ಸೇರಿ 10 ವ್ಯಾಟ್ ಹಿಡದ್ರ ತಿಂಗಳಿಗೆ 7 ಯೂನಿಟ್ ಚಿಲ್ಲರ. ಹಳೆ ಕಂಪ್ಯೂಟರ್ ಅದಕ್ಕಿಂತ ಹೆಚ್ಚ ತಿಂತದ, ಅದಕ್ಕ ನಮ್ಮದನ್ನ ರಾತ್ರಿ ಆರಸತೇವಿ.

ಸಿಡಿಲಿಗೆ ನನ್ನ ಉಪಾಯ ತವರುಮನಿ. ಇನ್ನೊಂದು ಡಿಸ್ಕಿಗೆ ಎಲ್ಲಾ ನಕಲು ಮಾಡಿ, ಪಂಚಮಿಗೆ ಹೋಗೋವಾಗ ಉಂಡಿ ಡಬ್ಬಿ ಬಾಜೂಕ ಇಟಗೊಂಡು ಹೋಗತೇನಿ, ಅಲ್ಲೆ ಇಟ್ಟು ಹಳೇದನ್ನ ತರತೇನಿ. ದೀಪಾವಳಿಗೆ ಮತ್ತ ಅದಲು ಬದಲು. ನಮ್ಮವ್ವ ಅದನ್ನ ಮುತ್ತಿನಂಗ ಕಾಯತಾಳ, ಒಳಗೇನದ ಅಂತ ಇನ್ನೂ ಕೇಳಿಲ್ಲ.

ನಿಮ್ಮ ಮನ್ಯಾಗ ರೇಡಿಯೋದವರಿದ್ರ ಇವತ್ತ ಸಂಜಿಕ ಇಷ್ಟು ಕೇಳ್ರಿ: ಲಾಗ್ ಎಲ್ಲೆದ, ಎಡಿಐಎಫ್ ಪ್ರತಿ ಯಾವಾಗ ತಗದದ್ದು, ಪಾಸ್‌ವರ್ಡ್ ಯಾವ ಹಾಳಿ ಮ್ಯಾಲೆ ಬರದದ, ಮನಿ ಹೊರಗ ಒಂದು ಪ್ರತಿ ಅದನೋ ಇಲ್ಲೋ. "ಆಮ್ಯಾಲೆ ಹೇಳತೇನಿ" ಅಂದ್ರ ಚಹಾಕ್ಕ ಸಕ್ಕರಿ ಹಾಕಬ್ಯಾಡ್ರಿ. ಡಬ್ಬಿ ಕಟ್ಟೋದು ನೋಡಬೇಕನ್ನೋರು ರವಿವಾರ ನಾಕರ ಮ್ಯಾಲೆ ನಮ್ಮ ಮನಿಗೆ ಬರ್ರಿ, ಬೇಡಾದ ಹಳೆ ಕಂಪ್ಯೂಟರ್ ಇದ್ರ ತಗೊಂಡ ಬರ್ರಿ. ಗಂಡಸರೂ ಬರಬಹುದು, ಬರಕೊಳ್ಳಲಿಕ್ಕೆ ಹಾಳಿ ಪೆನ್ನು ಅವರ ತರಬೇಕು.