‘ಸಿನ್ಸ್’ ಅಂದ್ರೆ ಆದಾಗಿನಿಂದಲೋ, ಆದದ್ದರಿಂದಲೋ?

ನಮ್ಮ ಐಟಿ ಕಂಪನಿಗಳಲ್ಲಿ ಒಂದು ಮೂಢನಂಬಿಕೆ ಇದೆ. ಇಂಗ್ಲಿಷ್ ಫಾರ್ಮಲ್ ಆಗಬೇಕು ಅಂದ್ರೆ ಪದ ಭಾರವಾಗಬೇಕು ಅನ್ನೋದು. ‘ಬಟ್’ ಬರೆದವನು ಹಳ್ಳಿ ಹೈದ, ‘ಹೌಎವರ್’ ಬರೆದವನು ಆರ್ಕಿಟೆಕ್ಟ್. ‘ಸೋ’ ಫ್ರೆಶರ್‌ಗೆ, ‘ಹೆನ್ಸ್’ ಸೀನಿಯರ್‌ಗೆ. ಹೊಸದಾಗಿ ಸೇರಿದ ಹುಡುಗಿ ಒಂದು ವಾಕ್ಯವನ್ನು ‘ಬಟ್’ನಿಂದ ಶುರು ಮಾಡಿದರೆ ಸಾಕು, ರಿವ್ಯೂ ಮಾಡುವವರು ಕೆಂಪು ಗೆರೆ ಎಳೀತಾರೆ. ಅಪ್ರೈಸಲ್‌ನಲ್ಲಿ ‘ಕಮ್ಯುನಿಕೇಶನ್ ಸುಧಾರಿಸಬೇಕು’ ಅಂತಲೂ ಸೇರಿಸ್ತಾರೆ. ಇಂಕ್ರಿಮೆಂಟು ಅಲ್ಲಿಗೆ ಮುಗೀತು.

ಈ ನಿಯಮ ಎಲ್ಲಿಂದ ಬಂತು ಸ್ವಾಮಿ? 1611ರ ಕಿಂಗ್ ಜೇಮ್ಸ್ ಬೈಬಲ್ ತೆಗೆದು ನೋಡಿ. ಆದಿಕಾಂಡದ ಮೊದಲ ಅಧ್ಯಾಯದ ಬಹುತೇಕ ವಚನಗಳು ಶುರುವಾಗೋದೇ ‘ಆ್ಯಂಡ್’ನಿಂದ. ಇನ್ನು ಆ ‘ಹೌಎವರ್’ ಎರಡು ವಾಕ್ಯಗಳನ್ನು ಜೋಡಿಸೋ ಪದವೇ ಅಲ್ಲ, ಅದು ಕ್ರಿಯಾವಿಶೇಷಣ. ‘ಬಟ್’ ತೆಗೆದು, ಅಲ್ಪವಿರಾಮ ಹಾಗೇ ಬಿಟ್ಟು ‘ಹೌಎವರ್’ ತುರುಕಿದರೆ ಸರಿಯಿದ್ದ ವಾಕ್ಯ ತಪ್ಪಾಗುತ್ತೆ. ತಿದ್ದುವವರು ಹೆಚ್ಚಾಗಿ ಮಾಡೋದು ಇದನ್ನೇ.

ಬಟ್ಟೆ ನೋಡಿ ಮಣೆ ಹಾಕುವ ಈ ಜನ ನಿಜವಾದ ತಪ್ಪುಗಳನ್ನು ಹಾಗೇ ಬಿಟ್ಟುಬಿಡ್ತಾರೆ ಅನ್ನೋದೇ ನನ್ನ ತಕರಾರು. ಸರ್ವರ್ ಬಿದ್ದ ಮೇಲೆ ಕಾರಣ ವಿವರಿಸಿ ಬರೆಯುವ ವರದಿಯಲ್ಲಿ ಹೀಗೊಂದು ಸಾಲು ಇದೆ ಅಂದ್ಕೊಳ್ಳಿ: ‘ಸಿನ್ಸ್ ದ ಸರ್ವರ್ ವಾಸ್ ರೀಸ್ಟಾರ್ಟೆಡ್, ದ ಅಲರ್ಟ್ಸ್ ಹ್ಯಾವ್ ಸ್ಟಾಪ್ಡ್’. ರೀಸ್ಟಾರ್ಟ್ ಮಾಡಿದ್ದರಿಂದ ಅಲರ್ಟ್ ನಿಂತಿತೋ, ಮಾಡಿದಾಗಿನಿಂದ ಬಂದಿಲ್ಲ ಅಂತಷ್ಟೇ ಅರ್ಥವೋ? ಮೊದಲನೆಯದಾದರೆ ಕಾರಣ ಸಿಕ್ಕಿದೆ. ಎರಡನೆಯದಾದರೆ ಕಾರಣ ಇನ್ನೂ ಹುಡುಕಬೇಕು. ಕಾರಣ ಹೇಳಲೆಂದೇ ಇರುವ ವರದಿಯಲ್ಲಿ ಕಾರಣವೇ ಮಸುಕು! ಅಲ್ಲಿ ‘ಬಿಕಾಸ್’ ಅಥವಾ ‘ಆಫ್ಟರ್’ ಬರೆದಿದ್ದರೆ ಗೊಂದಲವೇ ಇರ್ತಿರಲಿಲ್ಲ.

ಹಾಗಂತ ‘ಬಿಕಾಸ್’ ಕೂಡ ಸಾಧು ಪ್ರಾಣಿಯಲ್ಲ. ‘ವಿ ಡಿಡ್ ನಾಟ್ ರೋಲ್ ಬ್ಯಾಕ್ ಬಿಕಾಸ್ ದ ಕ್ಲೈಂಟ್ ಆಸ್ಕ್ಡ್’. ಕ್ಲೈಂಟ್ ಕೇಳಿದ್ದಕ್ಕೆ ರೋಲ್‌ಬ್ಯಾಕ್ ಮಾಡಲಿಲ್ಲವಾ? ಅಥವಾ ಮಾಡಿದ್ದೇನೋ ಹೌದು, ಆದರೆ ಕ್ಲೈಂಟ್ ಕೇಳಿದ್ದಕ್ಕಲ್ಲವಾ? ‘ನಾಟ್’ ಮತ್ತು ‘ಬಿಕಾಸ್’ ಒಂದೇ ವಾಕ್ಯದಲ್ಲಿ ಬಂದಾಗ ಎರಡಾಗಿ ಒಡೆದು ಬರೆಯೋದೇ ಕ್ಷೇಮ. ‘ಆ್ಯಂಡ್’ ಕತೆಯೂ ಅಷ್ಟೇ. ‘ಕರ್ನಾಟಕ ಆ್ಯಂಡ್ ಕೇರಳ ಗ್ರಾಹಕರ ಪಟ್ಟಿ ಕೊಡಿ’ ಅಂತ ಬಂದ ಬೇಡಿಕೆಯನ್ನು ಹಾಗೆಹಾಗೇ ಎಸ್‌ಕ್ಯೂಎಲ್‌ಗೆ ಇಳಿಸಿದರೆ ಒಂದು ಸಾಲೂ ಬರಲ್ಲ, ಯಾಕಂದ್ರೆ ಒಬ್ಬ ಗ್ರಾಹಕನ ರಾಜ್ಯದ ಕಾಲಂನಲ್ಲಿ ಎರಡು ರಾಜ್ಯ ಇರಲ್ಲ. ಮನುಷ್ಯರ ‘ಆ್ಯಂಡ್’ ಅಲ್ಲಿ ‘ಆರ್’ ಆಗಬೇಕು.

ಇದೆಲ್ಲ ವ್ಯಾಕರಣದ ಮೇಷ್ಟ್ರ ಗೋಳು ಅನ್ನೋರು ಅಮೆರಿಕದ ಓಕ್‌ಹರ್ಸ್ಟ್ ಡೈರಿ ಪ್ರಕರಣ ಓದಬೇಕು. ಮೇನ್ ರಾಜ್ಯದ ಕಾನೂನಿನಲ್ಲಿ ಓವರ್‌ಟೈಮ್ ಕೊಡಬೇಕಿಲ್ಲದ ಕೆಲಸಗಳ ಪಟ್ಟಿ ಇತ್ತು. ಅದರ ಕೊನೆಯಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಅಂತಿತ್ತು. ಆ ‘ಆರ್’ ಜೋಡಿಸೋದು ಯಾವುದನ್ನು? ಸಾಗಣೆಗೋ ವಿತರಣೆಗೋ ಮಾಡುವ ಪ್ಯಾಕಿಂಗ್ ಮಾತ್ರವೋ, ಅಥವಾ ವಿತರಣೆಯೇ ಬೇರೆ ಕೆಲಸವೋ? ಹಾಲು ಹಂಚುವ ಡ್ರೈವರ್‌ಗಳು ಪ್ಯಾಕಿಂಗ್ ಮಾಡುವವರಲ್ಲ. ‘ಆರ್’ ಹಿಂದೆ ಅಲ್ಪವಿರಾಮ ಇರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ವಾಕ್ಯ ಅಸ್ಪಷ್ಟ ಅಂತ ಹೇಳಿ ಡ್ರೈವರ್‌ಗಳ ಪರ ನಿಂತಿತು. 2018ರಲ್ಲಿ ಕಂಪನಿ 50 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಈಗ ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಒಂದು ಮಾತು. ಈ ವಿಷಯದಲ್ಲಿ ನಿಮ್ಮ ಕೈಲಿರೋದು ಕೊರತೆಯಲ್ಲ, ಆಯುಧ. ‘ನಾಯಿ ತಂದಾಗಿನಿಂದ ಕಳ್ಳರು ಬಂದಿಲ್ಲ’ ಮತ್ತು ‘ನಾಯಿ ತಂದದ್ದರಿಂದ ಕಳ್ಳರು ಬಂದಿಲ್ಲ’ ಬೇರೆ ಬೇರೆ ಮಾತು ಅಂತ ಶಾಲೆಗೇ ಹೋಗದ ಅಜ್ಜಿಗೂ ಗೊತ್ತು. ಕ್ರಿಯಾಪದದ ಬಾಲದಲ್ಲೇ ಕನ್ನಡ ಇದನ್ನು ತೀರ್ಮಾನಿಸಿಬಿಡುತ್ತೆ. ‘ಮಳೆ ಬಂದರೂ ಹೋದೆ’ ಅನ್ನೋದರಲ್ಲಿ ‘ಊ’ ಒಂದೇ ಸಾಕು, ಮಧ್ಯೆ ಇನ್ನೊಂದು ‘ಆದರೆ’ ಯಾರೂ ಹಾಕಲ್ಲ. ‘ಆಲ್‌ದೋ’ ಇದ್ದಲ್ಲಿ ‘ಬಟ್’ ಬೇಡ ಅನ್ನೋ ಪಾಠವೂ ಇಲ್ಲೇ ಸಿಕ್ತು. ಸಿನ್ಸ್, ಆ್ಯಸ್, ವೈಲ್ ಬರೆಯೋ ಮುಂಚೆ ಆ ವಾಕ್ಯವನ್ನು ಮನಸ್ಸಲ್ಲೇ ಕನ್ನಡದಲ್ಲಿ ಹೇಳಿ ನೋಡಿ. ‘ಆಗ’ ಅಂತ ಬಂತೋ, ‘ಆದ್ದರಿಂದ’ ಅಂತ ಬಂತೋ, ‘ಆದರೆ’ ಅಂತ ಬಂತೋ? ಬಂದ ಅರ್ಥಕ್ಕೆ ತಕ್ಕ ಪದ ಹಾಕಿ: ವೆನ್, ಬಿಕಾಸ್, ವೇರ್‌ಆಸ್. ‘ವೇರ್‌ಆಸ್’ ಬೇಕಾಗೋದು ಹೋಲಿಕೆ ಇದ್ದಾಗ, ಗತ್ತು ಬೇಕಾದಾಗಲ್ಲ.

ರಿವ್ಯೂ ಮಾಡುವ ಮಹನೀಯರೇ, ಓದುವವರಿಗೆ ಒಂದೇ ಅರ್ಥ ಸಿಗುವ ಹಾಗೆ ಬರೆಯೋದೇ ಫಾರ್ಮಲ್. ‘ಬಟ್’ ಬರೆದ ಹುಡುಗಿಯ ವಾಕ್ಯಕ್ಕೆ ಅರ್ಥ ಒಂದೇ ಇತ್ತು. ನಿಮ್ಮ ‘ಸಿನ್ಸ್’ಗೆ ಎರಡಿದೆ. ಕೆಂಪು ಗೆರೆ ಯಾವುದರ ಕೆಳಗೆ ಬೀಳಬೇಕು, ನೀವೇ ಹೇಳಿ.